ಕಾಂಡ್ಲಾ ಕಾಡಿನಲ್ಲಿ ಅಣ್ಣನ ಜೊತೆ

ನಂಜನಗೂಡು, ಹೊರಡುವ ಮುನ್ನ

ನಂಜನಗೂಡಿನ ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಮ್ಯುಟೇಶನ್, ಜಾತಿ ಸರ್ಟಿಫಿಕೇಟು, ಆಧಾರ್ ಕಾರ್ಡು, ದಿನವಿಡೀ ನಾನು ಓದುವ ಸಾಹಿತ್ಯ ಇಷ್ಟೇ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಮಾತ್ರ ನಾನು ಬೇರೆ ಮನುಷ್ಯ. ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಕಪಿಲಾ ದಂಡೆಯಲ್ಲಿ ಹಕ್ಕಿ ನೋಡುತ್ತಾ ನಿಂತಿರುತ್ತೇನೆ. ಬಟ್ಟೆ ಒಗೆಯಲು ಬರುವ ಹೆಂಗಸರು ಮೊದಮೊದಲು ಅನುಮಾನದಿಂದ ನೋಡುತ್ತಿದ್ದರು. ಈಗ, ಪಾಪ ಇವನಿಗೆ ಇದೊಂದು ಕಾಯಿಲೆ ಎಂದುಕೊಂಡು ಅವರ ಪಾಡಿಗೆ ಅವರಿದ್ದಾರೆ.

ಬೇಸಗೆ ಮುಗಿದು ಮಳೆ ಶುರುವಾಗುವ ಹೊತ್ತಿಗೆ ನಮ್ಮ ಕಡೆ ನವರಂಗ ಎಂಬ ಹಕ್ಕಿ ಒಂದೆರಡು ದಿನ ಕಂಡು ಮಾಯವಾಗುತ್ತದೆ. ಬಣ್ಣಬಣ್ಣದ ಕುಳ್ಳ ಹಕ್ಕಿ. ಅದರದೇ ಬಳಗದ ಇನ್ನೊಂದು ಹಕ್ಕಿ ಮಲೇಷ್ಯಾದ ಕಡಲತಡಿಯ ಕಾಂಡ್ಲಾ ಕಾಡಿನಲ್ಲಿದೆ ಎಂದು ಓದಿದಾಗಿನಿಂದ ನನಗೆ ಅದರ ಹುಚ್ಚು ಹತ್ತಿತ್ತು. ಉಪ್ಪುನೀರಿನ ಕೆಸರಿನಲ್ಲಿ ಬೇರುಗಳನ್ನು ಮೇಲೆತ್ತಿಕೊಂಡು ನಿಲ್ಲುವ ಮರಗಳಿಗೆ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. ಕುವಾಲಾ ಸೆಲಾಂಗೊರ್ ಎಂಬ ಊರಿನ ಒಬ್ಬ ದೋಣಿಯವರ ಜೊತೆ ಫೋನಿನಲ್ಲಿ ಮಾತಾಡಿ ದಿನ ಗೊತ್ತುಮಾಡಿದೆ. ಜೊತೆಗೆ ಬರಬೇಕಿದ್ದ ಗೆಳೆಯ ಮಗಳ ನಿಶ್ಚಿತಾರ್ಥವೆಂದು ಕೈಕೊಟ್ಟ. ಆ ಜಾಗಕ್ಕೆ ನಾನು ಅಣ್ಣನನ್ನು ಕರೆದೆ.

ಅಣ್ಣ ಇರುವುದು ನಮ್ಮ ಹುಟ್ಟೂರು ಸೋಸಲೆಯಲ್ಲಿ. ಗದ್ದೆ, ಎರಡು ಹಸು, ಡೈರಿ. ಯಾವುದೋ ಕಾಲದಲ್ಲಿ ರೈತರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುತ್ತಾರೆಂದು ಗಾಳಿಮಾತು ಹಬ್ಬಿದಾಗ ನಾನೇ ಅವನಿಗೆ ಪಾಸ್‌ಪೋರ್ಟ್ ಮಾಡಿಸಿದ್ದೆ. ಅದು ಟ್ರಂಕಿನಲ್ಲಿ ಪಹಣಿಗಳ ಕೆಳಗೆ ಮಲಗಿತ್ತು. ಅವನು ಖಂಡಿತ ಬರುವುದಿಲ್ಲ ಎಂದುಕೊಂಡೇ ಕರೆದದ್ದು. ದಿನ ಯಾವುದು ಎಂದು ಕೇಳಿದ, ಹೇಳಿದೆ, ಇನ್ನೊಮ್ಮೆ ಕೇಳಿ ಖಚಿತಮಾಡಿಕೊಂಡು "ಬತ್ತೀನಿ" ಅಂದ. ನನಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ಏಕೆಂದರೆ ಅವ್ವ ಹೋದಾಗಿನಿಂದ ಅವನು ಟಿ. ನರಸೀಪುರದ ಸಂತೆಗೂ ಹೋಗುವುದನ್ನು ಬಿಟ್ಟಿದ್ದ.

ಅವ್ವನಿಗೆ ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ, ಸೋಮವಾರ ಗುರುವಾರ, ಅಣ್ಣ ಮೈಸೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ. ಆ ಕಾಯಿಲೆಗೆ ನೀರು ವಿಷವಿದ್ದ ಹಾಗೆ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳತೆ ಹೇಳಿದ್ದರು. ಅಣ್ಣ ಬೆಳಿಗ್ಗೆಯೇ ಒಂದು ಬಾಟಲಿಗೆ ಅಷ್ಟು ನೀರು ತುಂಬಿಡುತ್ತಿದ್ದ. ಮಾತ್ರೆಗೂ ಅದೇ, ಬಾಯಾರಿಕೆಗೂ ಅದೇ. ಬಾಯಿ ಒಣಗುತ್ತದೆ ಎಂದರೆ ಬಾಟಲಿಯ ಮುಚ್ಚಳದಲ್ಲಿ ಬಗ್ಗಿಸಿ ಕೊಡುತ್ತಿದ್ದ. ಮನೆಗೆ ಬಂದವರೆಲ್ಲರ ಮುಂದೆ ಅವ್ವ ದೂರುತ್ತಿದ್ದಳು: "ಒಳೆ ದಂಡೇಲಿ ಉಟ್ಟಿ, ಒಳೆ ದಂಡೆಗೇ ಸೊಸೆಯಾಗ್ ಬಂದೋಳ್ಗೆ ಮುಚ್ಳದಲ್ಲಿ ನೀರ್ ಕೊಡ್ತಾನೆ ಕಣವ್ವ ನನ್ ಮಗ." ಅಣ್ಣ ಕೇಳಿಸಿಕೊಂಡು ಕೇಳದವನ ಹಾಗೆ ಹಸುವಿಗೆ ಹುಲ್ಲು ಹಾಕುತ್ತಿದ್ದ.

ಅವಳು ಹೋದ ಮೂರನೇ ದಿನ ಹಾಲು ತುಪ್ಪ ಬಿಟ್ಟೆವು. ಅವಳಿಗೆ ಇಷ್ಟವಾದುದನ್ನೆಲ್ಲ ಎಲೆಯ ಮೇಲೆ ಬಡಿಸಿ, ದೂರ ನಿಂತು, ಕಾಗೆ ಬಂದು ಮುಟ್ಟಲೆಂದು ಕಾಯುವುದು ನಮ್ಮ ಕಡೆಯ ಪದ್ಧತಿ. ಕಾಗೆ ಮುಟ್ಟಿದರೆ ಹೋದವರು ತೃಪ್ತಿಯಿಂದ ಹೋದರು ಎಂದು ಲೆಕ್ಕ. ಕಾಗೆ ಬಂತು, ಕಲ್ಲಿನ ಮೇಲೆ ಕೂತು ಎಲೆಯನ್ನು ನೋಡಿತು, ಹಾರಿಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಬಿಸಿಲು ನೆತ್ತಿಗೇರಿತು. "ಏನಾದ್ರೂ ಆಸೆ ಉಳ್ಕಂಡಿದ್ರೆ ಯೋಳವ್ವ, ನಿನ್ ಮಕ್ಳು ನಡೆಸ್ಕೊಡ್ತಾರೆ" ಎಂದು ಹಿರಿಯರು ಗಾಳಿಗೆ ಕೇಳಿದರು. ಅಣ್ಣ ಕೈಮುಗಿದುಕೊಂಡು ನೆಲ ನೋಡುತ್ತಿದ್ದ. ಕೊನೆಗೆ ಎಡೆಯನ್ನು ಹಸುವಿಗೆ ತಿನ್ನಿಸಿ ಮನೆಗೆ ಬಂದೆವು. ಅವಳ ಯಾವ ಆಸೆ ಉಳಿದಿತ್ತೆಂದು, ಮುಚ್ಚಳದ ದೂರು ಕೇಳಿದ್ದ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಅನ್ನುವ ಅಗತ್ಯವಿರಲಿಲ್ಲ.

ಇನ್ನೊಂದು ಸಂಗತಿ ಇದೆ. ಓದುವವರಿಗೆ ಅದನ್ನು ಈಗಲೇ ಹೇಳಿಬಿಡುತ್ತೇನೆ, ಅಣ್ಣನಿಗೆ ಮಾತ್ರ ಹೇಳಿರಲಿಲ್ಲ. ಭಾನುವಾರ ಅಂಗಡಿಗೆ ರಜ. ನಾನು ಬಸ್ಸು ಹತ್ತಿ ಸೋಸಲೆಗೆ ಹೋಗುತ್ತಿದ್ದೆ. ಅಣ್ಣ ಗದ್ದೆ ಕಡೆ ಹೋದ ಸಮಯ ನೋಡಿ ಅವ್ವ ಕೈಸನ್ನೆ ಮಾಡುತ್ತಿದ್ದಳು. ನಾನು ಒಳಗಿನ ಮಣ್ಣಿನ ಹರವಿಯಿಂದ ಒಂದು ಚೊಂಬು ನೀರು ತುಂಬಿಕೊಡುತ್ತಿದ್ದೆ. ಅವಳು ಕುಡಿದು "ನೀನೇ ಕಣಪ್ಪ ನನ್ ಮಗ" ಅನ್ನುತ್ತಿದ್ದಳು. ನನಗೆ ಎಲ್ಲಿಲ್ಲದ ಹಿಗ್ಗು. ಸೋಮವಾರ ಆಸ್ಪತ್ರೆಯಲ್ಲಿ ತೂಕ ನೋಡಿದರೆ ಏರಿರುತ್ತಿತ್ತು. ಡಾಕ್ಟರು ಅಣ್ಣನನ್ನು ಬಯ್ಯುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಬಂದು ಅಳತೆಯನ್ನು ಇನ್ನಷ್ಟು ಇಳಿಸುತ್ತಿದ್ದ. ಅವಳು ವಾರವೆಲ್ಲ ಇನ್ನಷ್ಟು ಒಣಗುತ್ತಿದ್ದಳು. ಮತ್ತೆ ಭಾನುವಾರ ನಾನು ಒಳ್ಳೆಯ ಮಗನಾಗಿ ಬಂದಿಳಿಯುತ್ತಿದ್ದೆ. ಅವಳು ಹೋದದ್ದು ಒಂದು ಬುಧವಾರ. ಭಾನುವಾರದ ಚೊಂಬಿಗೂ ಬುಧವಾರಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ.

ಮೊದಲ ದಿನ: ಕುವಾಲಾ ಸೆಲಾಂಗೊರ್

ವಿಮಾನದಲ್ಲಿ ಅಣ್ಣ ಕಿಟಕಿ ಪಕ್ಕ ಕೂತ. ಕೆಳಗೆ ಮೋಡ ಬಿಟ್ಟು ಬೇರೇನೂ ಕಾಣದಾಗ ನನ್ನ ಕಡೆ ತಿರುಗಿ, "ಅಕ್ಕಿ ಓಡ್ಸಕೆ ಗದ್ದೇಲಿ ಅಗಲೆಲ್ಲ ಕುಂತಿವ್ನಿ ಕಣ್ಲಾ. ನೋಡಕೆ ಅಂತ ಇಮಾನ ಅತ್ತೋರ್ನ ಇವತ್ತೇ ನೋಡಿದ್ದು" ಅಂದ. ಊರು ಬಿಟ್ಟ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ನನಗೆ ಪಯಣ ಸಾರ್ಥಕವಾದಂತೆ ಆಯಿತು.

ಕುವಾಲಾ ಎಂದರೆ ಆ ಭಾಷೆಯಲ್ಲಿ ನದಿ ಸೇರುವ ಜಾಗ. ಸೆಲಾಂಗೊರ್ ನದಿ ಅಲ್ಲಿ ಕಡಲಿಗೆ ಸೇರುತ್ತದೆ. ನಮ್ಮ ನರಸೀಪುರದ ಸಂಗಮ ಕಂಡವನಿಗೆ ಈ ಸಂಗಮ ಅಷ್ಟೇನೂ ಚೆಲುವಾಗಿ ಕಾಣುವುದಿಲ್ಲ. ನೀರು ಚಹಾದ ಬಣ್ಣ, ದಂಡೆ ಪೂರಾ ಕೆಸರು. ಅಣ್ಣ ಒಂದು ಬೊಗಸೆ ಎತ್ತಿ ನಾಲಿಗೆಗೆ ತಾಗಿಸಿ ಉಗಿದ. ಇಷ್ಟು ದೊಡ್ಡ ಹೊಳೆ, ಒಂದು ಗುಟುಕು ಕುಡಿಯುವ ಹಾಗಿಲ್ಲ ಎಂಬುದು ಅವನಿಗೆ ಎಷ್ಟು ಹೊತ್ತಾದರೂ ಅರಗಲಿಲ್ಲ.

ನಮ್ಮ ದೋಣಿಯವರ ಹೆಸರು ಪಾಕ್ ಲಾನ್. ಪಾಕ್ ಎಂದರೆ ಅಪ್ಪ, ಹಿರಿಯರ ಹೆಸರಿಗೆ ಗೌರವಕ್ಕೆ ಸೇರಿಸುತ್ತಾರೆ. ಅರವತ್ತರ ಆಸುಪಾಸು, ಒಣಗಿದ ಮೈ, ತಲೆಗೊಂದು ಟೋಪಿ. ಉಳಿದುಕೊಳ್ಳಲು ಅವರ ಮನೆಯಲ್ಲೇ ಒಂದು ಕೋಣೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ನೆಲದ ಮೇಲೆ ಕೂತು ಕೈಯಲ್ಲಿ ಅನ್ನ ಕಲೆಸಿ ತಿನ್ನುವ ಮನೆ. ಅಣ್ಣನಿಗೆ ಅರ್ಧ ಭಯ ಅಲ್ಲೇ ಹೋಯಿತು. ಅವನು ಅವರನ್ನು ಪಾಕಣ್ಣ ಎಂದು ಕರೆಯಲು ಶುರುಮಾಡಿದ. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನದು ಝೆರಾಕ್ಸ್ ಅಂಗಡಿಯ ಇಂಗ್ಲಿಷು, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್ ದಾಟಿ ಹೆಚ್ಚು ದೂರ ಹೋಗುವುದಿಲ್ಲ. ಆದರೂ ಇಬ್ಬರ ನಡುವೆ ಮಾತು ಹೇಗೋ ಸಾಗಿತು.

ಸಂಜೆ ದಂಡೆಗೆ ಹೋದೆವು. ನೀರಿನ ಮೇಲೆ ಗರುಡ ಪಕ್ಷಿಯೊಂದು ಸುತ್ತುತ್ತಿತ್ತು, ಕೆಂಗಂದು ಮೈ, ಬಿಳಿ ತಲೆ. ಅಣ್ಣ ಥಟ್ಟನೆ ನಿಂತು ಗಲ್ಲ ಬಡಿದುಕೊಂಡು ಕೈಮುಗಿದ. ಅಷ್ಟರಲ್ಲಿ ಇನ್ನೊಂದು ಬಂತು. ಅದಕ್ಕೂ ಮುಗಿದ. ಮತ್ತೆರಡು, ಮತ್ತೆ ಐದಾರು. ನಮ್ಮೂರಲ್ಲಿ ಶನಿವಾರ ಒಂದು ಗರುಡ ಕಂಡರೆ ಅದನ್ನು ಮಂಗಳವಾರದವರೆಗೂ ಹೇಳಿಕೊಂಡು ತಿರುಗುತ್ತೇವೆ. ಅಲ್ಲಿ ಮೀನಿನ ದೋಣಿಗಳ ಹಿಂದೆ ಅವು ಕೋಳಿಗಳ ಹಾಗೆ ಮುಗಿಬೀಳುತ್ತವೆ. ಅಣ್ಣ ಹನ್ನೆರಡರವರೆಗೆ ಲೆಕ್ಕವಿಟ್ಟು ಮುಗಿದು, ಆಮೇಲೆ ಎಲ್ಲಕ್ಕೂ ಸೇರಿಸಿ ಒಂದು ದೊಡ್ಡ ನಮಸ್ಕಾರ ಹಾಕಿ ಮುಗಿಸಿದ. ಪಾಕ್ ಲಾನ್ ಅವರಿಗೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ಇವರ ಮೈಕೈ ನೋಯುತ್ತಿದೆಯೇ ಎಂದು ನನ್ನನ್ನು ಕೇಳಿದರು.

ವಾಪಸು ಬಂದಾಗ ಅವರ ಅಂಗಳದ ಬೇಲಿಯ ಮೇಲೆ ಒಂದು ಕಾಗೆ ಕೂತಿತ್ತು. ಬೂದು ಕತ್ತಿನ, ನಮ್ಮದೇ ಊರುಕಾಗೆ. ಅಣ್ಣ ಅಂಗಳದ ಬಾಗಿಲಲ್ಲೇ ನಿಂತುಬಿಟ್ಟ. "ಇಲ್ಲೂ ಅವೇನ್ಲಾ ಇವು?" ಅಂದ. ಪಾಕ್ ಲಾನ್ ನಕ್ಕು, ಇವು ನಿಮ್ಮ ಕಡೆಯವೇ, ಬಿಳಿಯರ ಕಾಲದಲ್ಲಿ ತೋಟದ ಹುಳು ತಿನ್ನಲೆಂದು ಹಡಗಿನಲ್ಲಿ ತಂದು ಬಿಟ್ಟರು ಎಂದು ವಿವರಿಸಿದರು. ಈಗ ಹುಳು ಬಿಟ್ಟು ಬೇರೆ ಹಕ್ಕಿಗಳ ಮೊಟ್ಟೆ ತಿನ್ನುತ್ತವಂತೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಣ್ಣ ಕೇಳಿಸಿಕೊಳ್ಳಲಿಲ್ಲ, ಸುತ್ತು ಹಾಕಿ ಹಿಂಬಾಗಿಲಿನಿಂದ ಒಳಗೆ ಹೋದ.

ಎರಡನೇ ದಿನ: ಮರದ ಸೇತುವೆ

ಕಾಡಿನೊಳಗೆ ಹೋಗಲು ಕೆಸರಿನ ಮೇಲೆ ಹಲಗೆ ಹಾಸಿ ಉದ್ದದ ಕಾಲುಸೇತುವೆ ಮಾಡಿದ್ದಾರೆ. ಕೆಳಗೆ ನೋಡಿದರೆ ಅದೇ ಒಂದು ಲೋಕ. ಕಣ್ಣು ತಲೆಯ ಮೇಲಿರುವ ಮೀನುಗಳು ನೀರು ಬಿಟ್ಟು ಕೆಸರಿನಲ್ಲಿ ಕುಪ್ಪಳಿಸುತ್ತವೆ, ಬೇರು ಹತ್ತಿ ಕೂರುತ್ತವೆ. ಒಂದೇ ಕೈ ದೊಡ್ಡದಾದ ಏಡಿಗಳು ಅದನ್ನು ಎತ್ತಿ ಎತ್ತಿ ಯಾರನ್ನೋ ಕರೆಯುತ್ತವೆ. "ಮೀನಾಗ್ ಉಟ್ಟಿ ನೀರ್ ಬುಟ್ ಬಂದವಲ್ಲ, ಏನ್ ಬಂದಿತ್ತು ಇವ್ಕೆ" ಎಂದು ಅಣ್ಣ ಬಹಳ ಹೊತ್ತು ಬಗ್ಗಿ ನೋಡಿದ.

ಹಕ್ಕಿ ಹುಡುಕುವುದರಲ್ಲಿ ಅವನ ಕಣ್ಣಿನ ಮುಂದೆ ನನ್ನ ಬೈನಾಕ್ಯುಲರ್ ಏನೇನೂ ಅಲ್ಲ. ಭತ್ತಕ್ಕೆ ಬೀಳುವ ಹಕ್ಕಿಯನ್ನು ನಲವತ್ತು ವರ್ಷ ಕಾದ ಕಣ್ಣು. ಎಲೆ ಅಲ್ಲಾಡಿದ್ದು ಗಾಳಿಗೋ ಹಕ್ಕಿಗೋ ಎಂದು ಅವನಿಗೆ ಥಟ್ಟನೆ ತಿಳಿಯುತ್ತದೆ. "ಅಗೋ, ಬಗ್ಗಿರೋ ಕೊಂಬೆ ತಾವ" ಎಂದರೆ ಅಲ್ಲಿ ಒಂದು ಮಿಂಚುಳ್ಳಿ ಇದ್ದೇ ಇರುತ್ತಿತ್ತು. ನಮ್ಮ ಹಿಂದೆ ದೊಡ್ಡ ಕ್ಯಾಮೆರಾ ಹಿಡಿದು ಬರುತ್ತಿದ್ದ ಜಪಾನಿನ ಗಂಡ ಹೆಂಡತಿ ಸ್ವಲ್ಪ ಹೊತ್ತಿನಲ್ಲೇ ತಮ್ಮ ಗೈಡನ್ನು ಬಿಟ್ಟು ಅಣ್ಣನ ಬೆರಳನ್ನೇ ನೋಡತೊಡಗಿದರು.

ಸೇತುವೆಯ ಕೊನೆಗೆ ಒಂದು ಅಟ್ಟಣೆ. ಉಬ್ಬರದ ಹೊತ್ತಿನಲ್ಲಿ ಕಡಲ ಬಯಲೆಲ್ಲ ಮುಳುಗುವುದರಿಂದ ಗೊರವ ಹಕ್ಕಿಗಳೆಲ್ಲ ಅಟ್ಟಣೆಯ ಮುಂದಿನ ದಿಬ್ಬಕ್ಕೆ ಬಂದು ಇಳಿಯುತ್ತವೆ. ದೂರದ ಚಳಿ ದೇಶಗಳಿಂದ ದಣಿದು ಬಂದವು. ಏಳೆಂಟು ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಬಂದವು. ಮೋಡದ ಹಾಗೆ ಬಾಗಿ, ತಿರುಗಿ, ಇಳಿಯತೊಡಗಿದವು. ನನ್ನ ಕಣ್ಣು ತುಂಬಿ ಬಂತು.

ಆಗ ಅಣ್ಣ ಎರಡು ಕೈಯನ್ನೂ ತಟ್ಟಿ, ಹೊಟ್ಟೆಯಾಳದಿಂದ "ಓ... ಓಯ್... ಓಯ್" ಎಂದು ಕೂಗು ಹಾಕಿದ.

ಅವನ ತಪ್ಪಲ್ಲ. ಹಿಂಡು ಹಕ್ಕಿ ಇಳಿಯುವುದನ್ನು ಕಂಡರೆ ಅವನ ಕೈ ತನ್ನಷ್ಟಕ್ಕೆ ತಟ್ಟುತ್ತದೆ, ಬಾಯಿ ತನ್ನಷ್ಟಕ್ಕೆ ಕೂಗುತ್ತದೆ. ಇಡೀ ದಿಬ್ಬ ಒಂದೇ ಸಲ ಮೇಲೆದ್ದು ಆಕಾಶಕ್ಕೆ ಹೋಯಿತು. ಜಪಾನಿನ ಹೆಂಗಸು ಬಾಯಿ ಮುಚ್ಚಿಕೊಂಡಳು. ಒಬ್ಬ ಬಿಳಿಯ ಏನೋ ಗೊಣಗಿದ. ಅಣ್ಣನಿಗೆ ತಾನೇನು ಮಾಡಿದೆ ಎಂದು ಗೊತ್ತಾಗುವ ಹೊತ್ತಿಗೆ ಅವನ ಮುಖ ಕಪ್ಪಿಟ್ಟಿತ್ತು. "ತಪ್ಪಾಯ್ತು ಸಾ, ತಪ್ಪಾಯ್ತು ಕಣವ್ವ" ಎಂದು ಒಬ್ಬೊಬ್ಬರಿಗೂ ಕನ್ನಡದಲ್ಲೇ ಕೈಮುಗಿದ.

ಪಾಕ್ ಲಾನ್ ಮಾತ್ರ ಅಟ್ಟಣೆಯ ಕಂಬ ಹಿಡಿದುಕೊಂಡು ನಗುತ್ತಿದ್ದರು. ಅವರ ಅಪ್ಪನದೂ ಇಲ್ಲೇ ಮೇಲಿನ ಊರಲ್ಲಿ ಭತ್ತದ ಗದ್ದೆಯಂತೆ. ಅಪ್ಪ ಡಬ್ಬ ಬಡಿಯುತ್ತಿದ್ದರಂತೆ, ಕೂಗು ಮಾತ್ರ ಥೇಟ್ ಇದೇ. ಅವರು ಅಣ್ಣನ ಬೆನ್ನು ತಟ್ಟಿ ತಾವೂ ಮೆಲ್ಲಗೆ ಒಮ್ಮೆ ಕೂಗಿ ತೋರಿಸಿದರು. ಕಾಲು ಗಂಟೆಯಲ್ಲಿ ಹಕ್ಕಿಗಳು ವಾಪಸು ಬಂದವು. ಅಷ್ಟೂ ಹೊತ್ತು ಅಣ್ಣ ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದ.

ಸಂಜೆ ಊಟಕ್ಕೆ ಕೂತಾಗ ಪಾಕ್ ಲಾನ್ ಮರುದಿನದ ವಿಷಯ ತೆಗೆದರು. ನಾಳೆ ಚಂದ್ರ ಇಲ್ಲದ ದಿನ, ತಿಂಗಳಲ್ಲೇ ದೊಡ್ಡ ಉಬ್ಬರ, ಸಣ್ಣ ಕಾಲುವೆಗಳ ಒಳಗೆಲ್ಲ ದೋಣಿ ಹೋಗುತ್ತದೆ, ನೀವು ಕೇಳಿದ ನವರಂಗ ಸಿಕ್ಕರೆ ನಾಳೆಯೇ ಸಿಗಬೇಕು, ಅದಕ್ಕೇ ಈ ದಿನ ಹೇಳಿದ್ದೆ ಎಂದರು. ನಮ್ಮಲ್ಲಿ ಅಮಾವಾಸ್ಯೆ ಎಂದರೆ ಹೊಸಲು ದಾಟುವುದಿಲ್ಲ, ಇಲ್ಲಿ ಅಮಾವಾಸ್ಯೆ ನೋಡಿಯೇ ಹೊರಡುತ್ತಾರೆ ಎಂದು ಅಣ್ಣನಿಗೆ ನಗುತ್ತಾ ಹೇಳುತ್ತಿದ್ದವನು ಅರ್ಧಕ್ಕೇ ನಿಂತೆ. ಅದು ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಅವ್ವ ಹೋಗಿ ವರ್ಷ ತುಂಬಿದ ಮೇಲೆ ಬಂದ ಮೊದಲನೆಯದು. ಹಿರಿಮಗ ಮನೆಯಲ್ಲಿದ್ದು ಎಡೆ ಇಡಬೇಕು. ನಾನು ಹಕ್ಕಿಯ ಹುಚ್ಚಿನಲ್ಲಿ ಪಂಚಾಂಗ ನೋಡದೆ ಅವನನ್ನು ಕಡಲು ದಾಟಿಸಿ ಕರೆತಂದಿದ್ದೆ.

"ಅಣ್ಣ, ನನ್ಗೆ ಗ್ಯಾನವೇ ಇರ್ಲಿಲ್ಲ" ಅಂದೆ.

"ನನ್ಗಿತ್ತು" ಅಂದ ಅಣ್ಣ. "ನೀನ್ ದಿನ ಯೋಳ್ದಾಗ್ಲೇ ಗೊತ್ತಾಯ್ತು."

"ಮತ್ಯಾಕ್ ಬಂದೆ?"

"ಅದ್ಕೇ ಬಂದೆ." ತಟ್ಟೆಯಲ್ಲಿ ಬೆರಳಾಡಿಸುತ್ತಾ ಅಂದ. "ಮತ್ತೆ ಎಡೆ ಇಕ್ಬುಟ್ಟು, ಮತ್ತೆ ಕೈಮುಕ್ಕಂಡು ಕಾಗೆ ಕಾಯಕೆ ನನ್ ಕೈಲಾಗಕಿಲ್ಲ ಕಣ್ಲಾ. ನಿಮ್ಮತ್ತಿಗೆ ಇಕ್ತಾಳೆ. ಈ ದೇಸ್ದಲ್ಲಿ ಕಾಗೆ ಇರಕಿಲ್ಲ ಅಂದ್ಕಂಡಿದ್ದೆ."

ಹೇಳುವುದಿದ್ದರೆ ನಾನು ಅಲ್ಲೇ ಹೇಳಬೇಕಿತ್ತು. ಪಾಕ್ ಲಾನ್ ಅವರ ಹೆಂಡತಿ ಇನ್ನಷ್ಟು ಅನ್ನ ಬಡಿಸಿದರು. ನಾನು ತಲೆ ಬಗ್ಗಿಸಿ ಉಂಡೆ.

ಮೂರನೇ ದಿನ: ಕೆಸರು

ಬೆಳಕು ಹರಿಯುತ್ತಿದ್ದಂತೆ ದೋಣಿ ಹತ್ತಿದೆವು. ನಾವಿಬ್ಬರು, ಪಾಕ್ ಲಾನ್, ಮೂರೇ ಜನ. ಅವರ ಹೆಂಡತಿ ಬಾಳೆ ಎಲೆಯಲ್ಲಿ ಅನ್ನ ಕಟ್ಟಿಕೊಟ್ಟಿದ್ದರು, ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಹುರಿದ ಸಣ್ಣ ಮೀನು. ಅಣ್ಣ ಮುಟ್ಟಲಿಲ್ಲ. ಊರಲ್ಲಿ ಎಡೆಯಾಗುವವರೆಗೂ ಉಪವಾಸ ಎಂದ. ಎರಡು ಗಂಟೆಯ ಸುತ್ತಾಟವಷ್ಟೇ ಎಂದು ನೀರು ತಂದದ್ದೂ ಕಡಿಮೆ.

ನೀರು ಮರಗಳ ಸೊಂಟದವರೆಗೆ ಬಂದಿತ್ತು. ಬೇರುಗಳೆಲ್ಲ ಮುಳುಗಿ, ಕಾಡು ನೀರಿನ ಮೇಲೆ ಕೂತ ಹಾಗಿತ್ತು. ಪಾಕ್ ಲಾನ್ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಾ ಒಂದು ಕಿರುಗಾಲುವೆಯೊಳಗೆ ನುಗ್ಗಿಸಿದರು. ತೋಳು ಚಾಚಿದರೆ ಎರಡೂ ಕಡೆ ಎಲೆ ಸಿಗುತ್ತಿತ್ತು. ಎರಡು ಸ್ವರದ ಒಂದು ಕೂಗು ಕೇಳಿಸಿತು. ಅವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಬೈನಾಕ್ಯುಲರ್ ಕಣ್ಣಿಗೆ ಒತ್ತಿಕೊಂಡೆ. ಎಷ್ಟು ಹೊತ್ತು ಹುಡುಕಿದರೂ ಕಾಣಲಿಲ್ಲ. ನೀರು ಇಳಿಯತೊಡಗಿತ್ತು, ಹೊರಡೋಣ ಎಂದರು ಪಾಕ್ ಲಾನ್. ಅಷ್ಟರಲ್ಲಿ ಅಣ್ಣ ನನ್ನ ಮೊಣಕಾಲು ಚಿವುಟಿದ.

"ಅಗೋ. ನಿನ್ ಅಕ್ಕಿ."

ಆಗ ತಾನೇ ಬಯಲಾದ ಕೆಸರಿನ ಅಂಚಿನಲ್ಲಿ ಕೂತಿತ್ತು. ಕಂದು ನೆತ್ತಿ, ಕಣ್ಣಿಗೆ ಕಪ್ಪು ಪಟ್ಟಿ, ನೀಲಿ ಹೊಳಪಿನ ರೆಕ್ಕೆ, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು. ಒಂದು ಏಡಿಯನ್ನು ಬೇರಿಗೆ ಬಡಿಯುತ್ತಿತ್ತು. ನಾನು ಹತ್ತು ನಿಮಿಷ ಎಂದೆ. ಪಾಕ್ ಲಾನ್ ನೀರು ತೋರಿಸಿದರು. ಇನ್ನು ಹತ್ತೇ ನಿಮಿಷ ಎಂದು ಗೋಗರೆದೆ. ಫೋಟೋ ತೆಗೆದೆ, ಮತ್ತೆ ತೆಗೆದೆ. ಹಕ್ಕಿ ಸಾಕಾಗಿ ಹಾರಿಹೋದ ಮೇಲೆ ತಿರುಗಿ ನೋಡಿದರೆ ದೋಣಿಯ ತಳ ಕೆಸರಿಗೆ ಕೂತಿತ್ತು.

ದೊಡ್ಡ ಉಬ್ಬರದ ಹಿಂದೆ ಅಷ್ಟೇ ದೊಡ್ಡ ಇಳಿತ ಬರುತ್ತದೆ. ಕಾಲು ಗಂಟೆಯಲ್ಲಿ ಕಾಲುವೆಯಲ್ಲಿ ನೀರೇ ಇರಲಿಲ್ಲ. ಇಳಿದು ತಳ್ಳೋಣವೆಂದು ಅಣ್ಣ ಹುಟ್ಟನ್ನು ಕೆಸರಿಗೆ ಊರಿದ. ಅದು ಹಿಡಿಯವರೆಗೆ ಒಳಗೆ ಹೋಯಿತು. ಬೇರೆ ದೋಣಿಯೂ ಬರುವ ಹಾಗಿಲ್ಲ, ನೀರು ವಾಪಸು ಬರಬೇಕು, ಮಧ್ಯಾಹ್ನ ಕಳೆಯಬೇಕು ಎಂದರು ಪಾಕ್ ಲಾನ್. ನನ್ನ ಮೇಲೆ ಸಿಟ್ಟಾಗಲಿಲ್ಲ. ಅವರ ಟವಲನ್ನು ನೆರಳಿಗೆಂದು ನಮ್ಮ ತಲೆಯ ಮೇಲೆ ಕಟ್ಟಿದರು. ನಾಚಿಕೆಯಿಂದ ನಾನು ಕ್ಯಾಮೆರಾವನ್ನು ಚೀಲಕ್ಕೆ ತುರುಕಿದೆ.

ಬಿಸಿಲೇರಿತು. ಗಾಳಿ ಇಲ್ಲ. ಸೊಳ್ಳೆ. ಕೆಸರು ಎಲ್ಲ ಕಡೆ ಸಣ್ಣಗೆ ಪಟಪಟ ಎನ್ನುತ್ತಿತ್ತು. ಎಲ್ಲಿಂದಲೋ ಒಂದು ಕಾಗೆ ಬಂದು ದೋಣಿಯ ಮೂತಿಯ ಮೇಲೆ ಕೂತಿತು. ಕತ್ತು ಓರೆ ಮಾಡಿ ಬಾಳೆ ಎಲೆಯ ಕಟ್ಟನ್ನು ನೋಡಿತು. ಅಣ್ಣ ಮೈಯೆಲ್ಲ ಬಿಗಿ ಹಿಡಿದು ಕಲ್ಲಾಗಿ ಕೂತ. ಪಾಕ್ ಲಾನ್ ಹುಟ್ಟು ಎತ್ತಿ ಬೀಸಿ ಅದನ್ನು ಓಡಿಸಿದರು. ಮೇಲೆ ಕೊಂಬೆಗಳಲ್ಲಿ ಕೊಕ್ಕರೆ ಗೂಡುಗಳಿದ್ದವು, ಒಂದು ಕಾಗೆಗೆ ದಾರಿ ಗೊತ್ತಾದರೆ ಗೂಡೆಲ್ಲ ಬರಿದು ಎಂದರು. "ಓಡ್ಸು ಪಾಕಣ್ಣ, ಓಡ್ಸು" ಅಂದ ಅಣ್ಣ.

ನಮ್ಮ ಬಾಟಲಿಗಳು ಖಾಲಿಯಾಗಿದ್ದವು. ಪಾಕ್ ಲಾನ್ ಅವರದರಲ್ಲಿ ಅರ್ಧ ಉಳಿದಿತ್ತು. ಅವರು ಅದನ್ನು ನೋಡಿದರು, ಸೂರ್ಯನನ್ನು ನೋಡಿದರು, ಬಾಟಲಿಯ ಮುಚ್ಚಳ ತೆಗೆದು ಅದರಲ್ಲಿ ನೀರು ಬಗ್ಗಿಸಿ ಅಣ್ಣನ ಮುಂದೆ ಹಿಡಿದರು.

ಅಣ್ಣ ಮುಚ್ಚಳವನ್ನು ಇಸಿದುಕೊಂಡ. ಕುಡಿಯಲಿಲ್ಲ. ಅದನ್ನೇ ನೋಡುತ್ತಾ ಕೂತ.

"ಈವಯ್ಯ ಬಾಟ್ಲು ಕೈಗ್ ಕೊಡ್ಬಾರ್ದಾ?" ಅಂದ.

"ನೀರ್ ಬರೋಗಂಟ ಸಾಲ್ಬೇಕಲ್ಲಣ್ಣ."

"ಎಲ್ರೂ ಉಳೀಲಿ ಅಂತ."

"ಹೂಂ."

"ನಾನೂ ಅದ್ಕೇ ಕಣ್ಲಾ ಅಳ್ತೆ ಆಕಿದ್ದು." ಮುಚ್ಚಳವನ್ನು ಬಾಯಿಗೆ ಬಗ್ಗಿಸಿಕೊಂಡ. ಗಂಟಲ ಗೋಲಿ ಒಮ್ಮೆ ಮೇಲೆ ಕೆಳಗೆ ಆಡಿತು. "ಯಾರ್ಗ್ ಯೋಳಾನ. ಅವ್ಳು ಬಾಯಾರ್ಕಂಡೇ ಓದ್ಳು."

ನಾನು ನಲವತ್ತೇಳು ವರ್ಷದವನು. ಅಣ್ಣನಿಗೆ ಹೆದರುವ ವಯಸ್ಸು ದಾಟಿತು ಎಂದುಕೊಂಡಿದ್ದೆ. ದಾಟಿರಲಿಲ್ಲ.

"ಬಾಯಾರ್ಕಂಡ್ ಓಗ್ಲಿಲ್ಲ ಅಣ್ಣ" ಅಂದೆ. "ನಾನ್ ಕೊಡ್ತಿದ್ದೆ."

ಅವನಿಗೆ ಅರ್ಥವಾಗಲಿಲ್ಲ.

"ಭಾನ್ವಾರ ನೀನು ಗದ್ದೆ ತಾವ್ಕೆ ಓದಾಗ. ಅವ್ವ ಕೇಳೋಳು. ಒಂದ್ ಚೊಂಬ್ ಕೊಡ್ತಿದ್ದೆ."

"ಯಾವ್ ಭಾನ್ವಾರ?"

"ಎಲ್ಲಾ ಭಾನ್ವಾರಾನೂವೆ."

ಅಣ್ಣ ನನ್ನನ್ನು ನೋಡಿದ. ಅವನ ತಲೆಯಲ್ಲಿ ಲೆಕ್ಕ ಓಡುವುದು ನನಗೆ ಕಾಣುತ್ತಿತ್ತು.

"ಸ್ವಾಮಾರ ತೂಕ ಏರದು..."

"ಅದ್ರಿಂದ್ಲೇ ಅಣ್ಣ."

ಅವನು ದಡಕ್ಕನೆ ಎದ್ದ. ದೋಣಿ ಒಂದು ಕಡೆಗೆ ವಾಲಿತು. ಪಾಕ್ ಲಾನ್ ಕೂರಿ ಕೂರಿ ಎಂದು ಸನ್ನೆ ಮಾಡಿದರು. ಅಣ್ಣ ನನಗೆ ಬೆನ್ನು ಹಾಕಿ ಮುಂದಿನ ಹಲಗೆಯ ಮೇಲೆ ಕೂತ. ಅವನು ನನ್ನನ್ನು ಎತ್ತಿ ಕೆಸರಿಗೆ ಎಸೆದಿದ್ದರೆ ನಾನು ದೋಣಿಯ ಅಂಚನ್ನು ಹಿಡಿಯುತ್ತಿರಲಿಲ್ಲ. ಪಾಕ್ ಲಾನ್ ನಮ್ಮಿಬ್ಬರನ್ನೂ ನೋಡಿ, ದೋಣಿಯಲ್ಲಿದ್ದ ಬಲೆಯ ಗಂಟು ಬಿಡಿಸುತ್ತಾ ಕೂತರು. ದಂಡೆಯ ಮೇಲೆ ಏಡಿಗಳು ಬಿಲದಿಂದ ಹೊರಗೆ ಬಂದವು, ಒಳಗೆ ಹೋದವು.

"ಡಾಕ್ಟ್ರು ಎಲ್ರ ಮುಂದೆ ಬೈದ್ರು ಕಣ್ಲಾ" ಎಂದ ಕೊನೆಗೆ, ತಿರುಗದೆಯೇ. "ಮನೆಗ್ ಬಂದು ಅವ್ಳ್ ಮ್ಯಾಲೆ ಕೂಗಾಡ್ದೆ. ಕದ್ದು ಕುಡೀತೀಯ ಅಂದೆ. ಊಂ ಕಣಪ್ಪ, ಕುಡ್ದೆ ಅಂದ್ಳು. ನಿನ್ನೆಸ್ರು ಎತ್ನಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ನಾನು ಅತ್ತೆ. ಐವತ್ತಕ್ಕೆ ಹತ್ತಿರವಾದ ಗಂಡಸು ಪರದೇಶದ ಕೆಸರಿನ ನಡುವೆ ಸೊಳ್ಳೆ ಕಡಿಸಿಕೊಂಡು ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಗೊತ್ತು. ನಿಲ್ಲಿಸಲಾಗಲಿಲ್ಲ.

"ಎತ್ತಿ ಕುಡ್ಯೋಳಾ, ಕಚ್ಚಿ ಕುಡ್ಯೋಳಾ?"

ಅವ್ವ ಚೊಂಬನ್ನು ತುಟಿಗೆ ತಾಗಿಸದೆ ಕುಡಿಯುತ್ತಿದ್ದಳೋ, ತಾಗಿಸಿಯೋ ಎಂದು ಅಣ್ಣ ಕೇಳುತ್ತಿದ್ದ.

"ಎತ್ತಿ" ಅಂದೆ. "ಗಟಗಟ ಅಂತ. ಕತ್ತು, ಸೆರಗು ಎಲ್ಲ ನೆಂದೋಗದು."

"ಚೊಂಬ್ ಪೂರ್ತಿ?"

"ಪೂರ್ತಿ. ಬೋರಲಾಕಿ ತೋರ್ಸೋಳು."

"ಒಳ್ಗಿನ್ ಅರವೀದಾ?"

"ಊಂ. ಒಳ್ಗಿಂದು."

"ಹಂಗಾರೆ ತಣ್ಗಿರ್ತದೆ" ಅಂದ. ಬೆನ್ನು ಒಮ್ಮೆ ಅಲುಗಿತು. ಅಂಗಿಯ ತೋಳಿನಿಂದ ಮುಖ ಒತ್ತಿಕೊಂಡು, ಇನ್ನೊಮ್ಮೆ ತನಗೇ ಹೇಳಿಕೊಳ್ಳುವವನ ಹಾಗೆ, "ತಣ್ಗೇ ಇರ್ತದೆ" ಅಂದ.

ಬಿಸಿಲು ಮರಗಳ ಇನ್ನೊಂದು ಬದಿಗೆ ಸರಿಯುವ ಹೊತ್ತಿಗೆ ಪಾಕ್ ಲಾನ್ ಬಾಟಲಿ ಎತ್ತಿಕೊಂಡರು. ಮುಚ್ಚಳದಲ್ಲಿ ನೀರು ಬಗ್ಗಿಸಿ, ದೊಡ್ಡವನೆಂದು ಮತ್ತೆ ಮೊದಲಿಗೆ ಅಣ್ಣನ ಕಡೆಗೇ ಚಾಚಿದರು. ಅಣ್ಣ ತಿರುಗಿ ಕೂತ. ಕಣ್ಣು ಕೆಂಪಗಿತ್ತು. ಗದ್ದದಲ್ಲಿ ನನ್ನ ಕಡೆ ತೋರಿಸಿ, "ಮೊದ್ಲು ಅವನ್ಗೆ ಕೊಡು ಪಾಕಣ್ಣ" ಅಂದ.

ನಾನು ಮುಚ್ಚಳ ಇಸಿದುಕೊಂಡು ಕುಡಿದೆ.